ಟೈಟಾನಿಕ್ ಹಡಗನ್ನು ‘ತಿನ್ನುವ’ ಬ್ಯಾಕ್ಟೀರಿಯಾ: ಅದು ಹೊಸದು ಎಂದು ಗೊತ್ತಾಗಿದ್ದು ಹೇಗೆ, ಅದರ ನೆಂಟರು ಯಾರು?

ಟೈಟಾನಿಕ್ ಹಡಗಿನ ಮುಂಭಾಗದ ಚಿತ್ರ. ಅದರ ಮೇಲೆ ಕಂದು ಬಣ್ಣದ ಇಳಿಬಿದ್ದ ತುಕ್ಕು. ಕೆಳಗೆ ದಪ್ಪ ಅಕ್ಷರಗಳಲ್ಲಿ ‘ಕಬ್ಬಿಣ ತಿಂದು ಬದುಕುವ ಹೊಸ ಬ್ಯಾಕ್ಟೀರಿಯಾ ಪತ್ತೆ! ವಿಜ್ಞಾನಿಗಳೇ ಬೆಚ್ಚಿಬಿದ್ದರು!’ ಎಂಬ ಒಕ್ಕಣೆ. ಇಂಥ ಫಾರ್ವರ್ಡ್‌ಗಳು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಮತ್ತೆ ಮತ್ತೆ ಸುತ್ತುತ್ತಿರುತ್ತವೆ. ಕೆಲವಕ್ಕೆ ‘ಕಡಲ ಮೀನು ತಿನ್ನುವವರೇ ಎಚ್ಚರ’ ಎಂಬ ಬಾಲವೂ ಅಂಟಿಕೊಂಡಿರುತ್ತದೆ.

ಈ ಬ್ಯಾಕ್ಟೀರಿಯಾ ಕಟ್ಟುಕತೆಯಲ್ಲ, ಅದು ನಿಜವಾಗಿಯೂ ಇದೆ. ಅದರ ಹೆಸರು ಹ್ಯಾಲೊಮೊನಾಸ್ ಟೈಟಾನಿಕೇ. ಆದರೆ ಅದು ಕಬ್ಬಿಣವನ್ನು ಊಟದಂತೆ ತಿಂದು ಬದುಕುವುದಿಲ್ಲ. ಹಡಗನ್ನು ಕರಗಿಸುತ್ತಿರುವುದು ಅದೊಂದೇ ಅಲ್ಲ. ನೀವು ತಿನ್ನುವ ಬಂಗುಡೆಗೂ ಅದಕ್ಕೂ ಸಂಬಂಧವಿಲ್ಲ. ಇಷ್ಟು ಗೊತ್ತಾದರೆ ಸಾಕು ಎನ್ನುವವರು ಇಲ್ಲಿಗೇ ಓದು ನಿಲ್ಲಿಸಬಹುದು. ಆದರೆ ಫಾರ್ವರ್ಡ್‌ನಲ್ಲಿರುವ ‘ಹೊಸ’ ಎಂಬ ಪದದ ಹಿಂದೆ ಒಂದು ಒಳ್ಳೆಯ ಪತ್ತೇದಾರಿ ಕತೆಯಿದೆ. ಕಣ್ಣಿಗೆ ಕಾಣದ, ನೂರಾರು ಜಾತಿಗಳಲ್ಲಿ ಒಂದೇ ತರಹದ ಕಡ್ಡಿಯಾಕಾರದ ಜೀವಿಯನ್ನು ನೋಡಿ ‘ಇದು ಈವರೆಗೆ ಯಾರೂ ಗುರುತಿಸದ ಜಾತಿ’ ಎಂದು ಹೇಳುವುದು ಹೇಗೆ?

ತುಕ್ಕಿನ ಬಿಳಲುಗಳು

ಟೈಟಾನಿಕ್ ಮುಳುಗಿದ್ದು 1912ರ ಏಪ್ರಿಲ್ 15ರಂದು. ಅದರ ಅವಶೇಷ ಪತ್ತೆಯಾಗಿದ್ದು 73 ವರ್ಷಗಳ ನಂತರ, 1985ರ ಸೆಪ್ಟೆಂಬರ್ 1ರಂದು, ರಾಬರ್ಟ್ ಬ್ಯಾಲರ್ಡ್ ಮತ್ತು ಜಾನ್ ಲೂಯಿ ಮಿಶೆಲ್ ಅವರ ತಂಡಕ್ಕೆ. ಅಟ್ಲಾಂಟಿಕ್ ಸಾಗರದ ಸುಮಾರು 3,800 ಮೀಟರ್ ಆಳದಲ್ಲಿ ಅದು ಬಿದ್ದಿದೆ. ಅಲ್ಲಿ ಬೆಳಕಿಲ್ಲ. ನೀರು ಹೆಪ್ಪುಗಟ್ಟುವ ಹಂತಕ್ಕೆ ಹತ್ತಿರದಷ್ಟು ತಣ್ಣಗಿರುತ್ತದೆ. ಒತ್ತಡ ನಮ್ಮ ಮೇಲಿರುವ ಗಾಳಿಯ ಒತ್ತಡದ ಸುಮಾರು 380 ಪಟ್ಟು.

ಆ ಹಡಗಿನ ಮೈಯಿಂದ ಆಲದ ಮರದ ಬಿಳಲುಗಳಂತೆ ತುಕ್ಕು ಇಳಿಬಿದ್ದಿದೆ. ಇಂಗ್ಲಿಷಿನಲ್ಲಿ ತುಕ್ಕು ಮತ್ತು ಹಿಮದ ಬಿಳಲು ಎಂಬ ಎರಡು ಪದಗಳನ್ನು ಸೇರಿಸಿ ಬ್ಯಾಲರ್ಡ್ ಇದಕ್ಕೆ ‘ರಸ್ಟಿಕಲ್’ ಎಂದು ಹೆಸರಿಟ್ಟರು. ನೋಡಲು ಗಟ್ಟಿಯಾಗಿ ಕಂಡರೂ ಒಳಗೆಲ್ಲ ರಂಧ್ರ, ನಾಳ, ಪೊಳ್ಳು. ಮುಟ್ಟಿದರೆ ಪುಡಿಯಾಗುತ್ತದೆ. ಬರೀ ರಾಸಾಯನಿಕ ಕ್ರಿಯೆಯಿಂದ ಆದ ತುಕ್ಕು ಇದಲ್ಲ. ಹಲವು ಬಗೆಯ ಸೂಕ್ಷ್ಮಜೀವಿಗಳು ಒಟ್ಟಾಗಿ ಕಟ್ಟಿಕೊಂಡ ಬಹುಮಹಡಿ ವಸತಿ ಎಂದರೆ ಸರಿಹೋದೀತು.

1991ರಲ್ಲಿ ‘ಅಕಾಡೆಮಿಕ್ ಮಿಸ್ತಿಸ್ಲಾವ್ ಕೆಲ್ದಿಶ್’ ಎಂಬ ಸೋವಿಯತ್ ಸಂಶೋಧನಾ ಹಡಗಿನ ಯಾನದಲ್ಲಿ ಈ ಬಿಳಲುಗಳ ತುಣುಕುಗಳನ್ನು ಮೇಲಕ್ಕೆ ತರಲಾಯಿತು. ಅವುಗಳಿಂದ ಬೇರ್ಪಡಿಸಿ ಬೆಳೆಸಿದ ಒಂದು ಬ್ಯಾಕ್ಟೀರಿಯಾಕ್ಕೆ ಕೊಟ್ಟ ಗುರುತು ‘ಬಿಎಚ್1’. ಕೆನಡಾದ ಡಾಲ್‌ಹೌಸಿ ವಿಶ್ವವಿದ್ಯಾಲಯದ ಹೆನ್ರಿಯೆಟಾ ಮಾನ್, ಅವರ ಜೊತೆ ಭವ್‌ಲೀನ್ ಕೌರ್, ಸ್ಪೇನ್‌ನ ಸೆವಿಲ್ ವಿಶ್ವವಿದ್ಯಾಲಯದ ಕ್ರಿಸ್ಟಿನಾ ಸಾಂಚೆಸ್ ಪೊರ್ರೊ ಮತ್ತು ಆಂಟೋನಿಯೊ ವೆಂಟೋಸಾ, ಈ ನಾಲ್ವರು ಸೇರಿ ಅದರ ಪೂರ್ಣ ವಿವರಣೆ ಪ್ರಕಟಿಸಿದ್ದು 2010ರಲ್ಲಿ. ಅಂದರೆ ಮಾದರಿ ಮೇಲೆ ಬಂದ 19 ವರ್ಷಗಳ ಮೇಲೆ. ‘ನಿನ್ನೆ ರಾತ್ರಿ ಪತ್ತೆ’ ಎಂದು ಸಾರುವ ಫಾರ್ವರ್ಡ್‌ಗಳನ್ನು ಓದುವಾಗ ಈ ಲೆಕ್ಕ ನೆನಪಿರಲಿ.

ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಸಾಲದೇ?

ಸಾಲದು. ಹುಲಿಗೂ ಚಿರತೆಗೂ ಪಟ್ಟೆ, ಚುಕ್ಕೆಗಳ ವ್ಯತ್ಯಾಸವಿದೆ. ಬ್ಯಾಕ್ಟೀರಿಯಾಗಳಿಗೆ ಅಂಥ ವೇಷಭೂಷಣವಿಲ್ಲ. ಬಿಎಚ್1 ಒಂದು ಕಡ್ಡಿಯಾಕಾರದ, ಮೈಸುತ್ತ ಚಾವಟಿಯಂಥ ಎಳೆಗಳಿರುವ, ಅವುಗಳಿಂದ ಈಜಾಡುವ, ಆಮ್ಲಜನಕ ಬಳಸುವ, ಗ್ರಾಂ ನೆಗೆಟಿವ್ ಜೀವಿ. ಈ ವಿವರಣೆಗೆ ಹೊಂದುವ ಜಾತಿಗಳು ಬೇಕಾದಷ್ಟಿವೆ.

ಹಾಗಾಗಿ ಮೊದಲ ದೊಡ್ಡ ಸುಳಿವಿಗಾಗಿ ಒಂದು ಜೀನ್ ನೋಡುತ್ತಾರೆ. ಅದರ ಹೆಸರು 16ಎಸ್ ಆರ್‌ಆರ್‌ಎನ್‌ಎ. ಪ್ರೋಟೀನ್ ತಯಾರಿಸುವ ರೈಬೋಸೋಮ್ ಎಂಬ ಯಂತ್ರದ ಒಂದು ಭಾಗವನ್ನು ರೂಪಿಸುವ ಜೀನ್ ಇದು. ಎಲ್ಲ ಬ್ಯಾಕ್ಟೀರಿಯಾಗಳಲ್ಲೂ ಇದೆ, ತುಂಬ ನಿಧಾನವಾಗಿ ಬದಲಾಗುತ್ತದೆ, ಉದ್ದ ಸುಮಾರು 1,500 ಅಕ್ಷರ. ಈ ಬಗೆಯ ಆರ್‌ಎನ್‌ಎ ಹೋಲಿಸಿ ಜೀವಿಗಳ ವಂಶವೃಕ್ಷ ಬರೆಯಬಹುದು ಎಂದು 1977ರಲ್ಲಿ ತೋರಿಸಿಕೊಟ್ಟವರು ಅಮೆರಿಕದ ಕಾರ್ಲ್ ವೋಸ್ ಮತ್ತು ಜಾರ್ಜ್ ಫಾಕ್ಸ್.

ಬಿಎಚ್1ರ ಈ ಜೀನನ್ನು ಓದಿದಾಗ ಅದು ಹ್ಯಾಲೊಮೊನಾಸ್ ಎಂಬ ಕುಲದ ಕೊಂಬೆಯಲ್ಲಿ ಕುಳಿತಿತು. ಅತಿ ಹತ್ತಿರದ ನೆಂಟ ಹ್ಯಾಲೊಮೊನಾಸ್ ನೆಪ್ಚೂನಿಯಾ, ಹೋಲಿಕೆ ಶೇ. 98.6. ನಂತರ ಹ್ಯಾಲೊಮೊನಾಸ್ ವೇರಿಯಬಿಲಿಸ್ ಶೇ. 98.4, ಬೊಲಿವಿಯೆನ್ಸಿಸ್ ಶೇ. 98.3, ಸಲ್ಫಿಡೇರಿಸ್ ಶೇ. 97.5.

ಶೇ. 98.6 ಅಂದರೆ ಬಹುತೇಕ ಒಂದೇ ಅಲ್ಲವೇ ಎಂದು ಅನ್ನಿಸುವುದು ಸಹಜ. ಲೆಕ್ಕ ಮಾಡಿ ನೋಡಿ. 1,500 ಅಕ್ಷರಗಳಲ್ಲಿ ಶೇ. 1.4ರ ವ್ಯತ್ಯಾಸ ಎಂದರೆ 21 ಅಕ್ಷರ. ಕೋಟ್ಯಂತರ ವರ್ಷಗಳಲ್ಲಿ ಅತಿ ನಿಧಾನವಾಗಿ ಬದಲಾಗುವ ಜೀನ್‌ನಲ್ಲಿ 21 ಅಕ್ಷರ ಬದಲಾಗಿದೆ ಎಂದರೆ ಅದು ಕಡಿಮೆಯೇನಲ್ಲ. ಸಂಪ್ರದಾಯದಂತೆ ಶೇ. 97ಕ್ಕಿಂತ ಕಡಿಮೆ ಹೋಲಿಕೆ ಬಂದರೆ ಬೇರೆ ಜಾತಿ ಎಂದು ಒಪ್ಪುತ್ತಿದ್ದರು; ಆಮೇಲೆ ಆ ಗೆರೆಯನ್ನು ಶೇ. 98.7ರ ಆಸುಪಾಸಿಗೆ ಏರಿಸಲಾಯಿತು. ನಮ್ಮ ಬಿಎಚ್1 ಸರಿಯಾಗಿ ಆ ಗೆರೆಯ ಬುಡದಲ್ಲೇ ನಿಂತಿತ್ತು. ಈ ಒಂದು ಸುಳಿವಿನ ಮೇಲೆ ತೀರ್ಪು ಕೊಡುವಂತಿರಲಿಲ್ಲ.

ಇಡೀ ಡಿಎನ್‌ಎ ಜೋಡಿಸಿ ನೋಡುವ ಪರೀಕ್ಷೆ

ಒಂದು ಜೀನ್ ಎಂದರೆ ಇಡೀ ಪುಸ್ತಕದಲ್ಲಿ ಒಂದು ಪುಟ ಓದಿದಂತೆ. ಪುಸ್ತಕವನ್ನೇ ಹೋಲಿಸಲು ಆಗ ಬಳಸುತ್ತಿದ್ದ ವಿಧಾನಕ್ಕೆ ಡಿಎನ್‌ಎ-ಡಿಎನ್‌ಎ ಹೈಬ್ರಿಡೈಸೇಶನ್ ಎಂದು ಹೆಸರು. ಹೇಳಲು ಕಷ್ಟದ ಹೆಸರು, ಕೆಲಸ ಮಾತ್ರ ಸರಳ. ಡಿಎನ್‌ಎ ಎಂದರೆ ಹೆಣೆದುಕೊಂಡ ಎರಡು ಎಳೆಗಳು. ಬಿಸಿ ಮಾಡಿದರೆ ಎಳೆಗಳು ಬಿಡಿಯಾಗುತ್ತವೆ, ತಣ್ಣಗಾದಾಗ ತಮಗೆ ಹೊಂದುವ ಜೋಡಿ ಹುಡುಕಿ ಮತ್ತೆ ಸೇರುತ್ತವೆ. ಎರಡು ಬ್ಯಾಕ್ಟೀರಿಯಾಗಳ ಬಿಡಿ ಎಳೆಗಳನ್ನು ಒಟ್ಟಿಗೆ ಬಿಟ್ಟರೆ, ಒಂದರ ಎಳೆ ಇನ್ನೊಂದರ ಎಳೆಯ ಜೊತೆ ಎಷ್ಟು ಚೆನ್ನಾಗಿ ಸೇರಿಕೊಳ್ಳುತ್ತದೆ ಎಂದು ಅಳೆಯಬಹುದು. ಶೇ. 70 ಅಥವಾ ಹೆಚ್ಚು ಬಂದರೆ ಒಂದೇ ಜಾತಿ ಎಂಬ ಮಾನದಂಡವನ್ನು 1987ರಲ್ಲಿ ತಜ್ಞರ ಸಮಿತಿಯೊಂದು ಶಿಫಾರಸು ಮಾಡಿತ್ತು.

ಬಿಎಚ್1ರ ಫಲಿತಾಂಶ ನೆಪ್ಚೂನಿಯಾ ಜೊತೆ ಶೇ. 19, ವೇರಿಯಬಿಲಿಸ್ ಜೊತೆ 17, ಬೊಲಿವಿಯೆನ್ಸಿಸ್ ಜೊತೆ 30, ಸಲ್ಫಿಡೇರಿಸ್ ಜೊತೆ 29. ಎಪ್ಪತ್ತರ ಹತ್ತಿರವೂ ಯಾವುದೂ ಸುಳಿಯಲಿಲ್ಲ. ಇದು ಬೇರೆ ಜಾತಿಯೇ ಎಂದು ನಿಶ್ಚಯವಾದದ್ದು ಇಲ್ಲಿ.

ಇನ್ನೊಂದು ಸಂಗತಿ ಗಮನಿಸಿ. ಒಂದು ಜೀನ್ ಹೋಲಿಸಿದಾಗ ಮೊದಲ ಸ್ಥಾನದಲ್ಲಿ ನೆಪ್ಚೂನಿಯಾ ಇತ್ತು, ಸಲ್ಫಿಡೇರಿಸ್ ನಾಲ್ಕನೆಯದು. ಇಡೀ ಡಿಎನ್‌ಎ ಹೋಲಿಸಿದಾಗ ಬೊಲಿವಿಯೆನ್ಸಿಸ್ ಮುಂದೆ ಬಂತು, ಅದರ ಬೆನ್ನಿಗೇ ಸಲ್ಫಿಡೇರಿಸ್. ಇಷ್ಟು ಕಡಿಮೆ ಅಂಕಿಗಳಲ್ಲಿ ಹಿಂದುಮುಂದಾಗುವುದಕ್ಕೆ ಹೆಚ್ಚು ಅರ್ಥ ಹಚ್ಚಬಾರದು, ನಿಜ. ಆದರೂ ‘ಅತಿ ಹತ್ತಿರದ ಸಂಬಂಧಿ’ ಯಾರು ಎಂಬುದು ಯಾವ ಅಳತೆಗೋಲು ಹಿಡಿದಿದ್ದೀರಿ ಎಂಬುದರ ಮೇಲೆ ನಿಂತಿದೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ. ‘ಶೇ. 99ರಷ್ಟು ಹೋಲುತ್ತದೆ’ ಎನ್ನುವ ಯಾವುದೇ ಸುದ್ದಿ ಕಂಡಾಗಲೂ ಯಾವುದರ ಶೇ. 99 ಎಂದು ಕೇಳಿ.

ಉಳಿದ ಪರೀಕ್ಷೆಗಳೂ ನಡೆದವು. ಡಿಎನ್‌ಎಯಲ್ಲಿ ಜಿ ಮತ್ತು ಸಿ ಅಕ್ಷರಗಳ ಪಾಲು ಶೇ. 60. ಜಿ-ಸಿ ಜೋಡಿಗೆ ಮೂರು ಬಂಧ, ಎ-ಟಿ ಜೋಡಿಗೆ ಎರಡೇ. ಹಾಗಾಗಿ ಎಷ್ಟು ಬಿಸಿಗೆ ಎಳೆಗಳು ಬಿಚ್ಚಿಕೊಳ್ಳುತ್ತವೆ ಎಂಬುದರಿಂದಲೇ ಈ ಪಾಲನ್ನು ಲೆಕ್ಕ ಹಾಕಬಹುದು. ಜೀವಕೋಶದ ಪೊರೆಯಲ್ಲಿರುವ ಕೊಬ್ಬಿನಾಮ್ಲಗಳ ಪಟ್ಟಿ ಮಾಡಿದರು. ಉಸಿರಾಟದ ಸರಪಳಿಯಲ್ಲಿ ಕೆಲಸ ಮಾಡುವ ಕ್ವಿನೋನ್ ಯಾವುದು ಎಂದು ನೋಡಿದರು: ಯುಬಿಕ್ವಿನೋನ್ 9. ಮೆಡಿಕಲ್ ಶಾಪ್‌ಗಳಲ್ಲಿ ಮಾರುವ ‘ಕೋ ಕ್ಯೂ 10’ ಮಾತ್ರೆ ಕೇಳಿದ್ದೀರಲ್ಲ, ಅದು ಮನುಷ್ಯರಲ್ಲಿರುವ ಯುಬಿಕ್ವಿನೋನ್ 10. ಬಾಲದ ಉದ್ದ ಒಂದು ಕೊಂಡಿಯಷ್ಟು ಹೆಚ್ಚು, ಅಷ್ಟೇ.

ಬೆಳವಣಿಗೆಯ ಪರೀಕ್ಷೆ ಒಂದು ಅಚ್ಚರಿ ಕೊಡುತ್ತದೆ. ಪ್ರಯೋಗಾಲಯದಲ್ಲಿ ಬಿಎಚ್1 ಚೆನ್ನಾಗಿ ಬೆಳೆದದ್ದು 30ರಿಂದ 37 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ, ಶೇ. 2ರಿಂದ 8ರಷ್ಟು ಉಪ್ಪಿರುವ ನೀರಿನಲ್ಲಿ. ಅಂದರೆ ಮಂಗಳೂರಿನ ಹವೆ ಅದಕ್ಕೆ ಅಟ್ಲಾಂಟಿಕ್ ತಳಕ್ಕಿಂತ ಹಿತ! ‘ಹಿಮದ ತಣ್ಣನೆಯ ಕತ್ತಲಲ್ಲಿ ಮಾತ್ರ ಬದುಕುವ ಭೀಕರ ಜೀವಿ’ ಎಂಬ ಬಣ್ಣನೆ ಇಲ್ಲಿಗೆ ಬಿದ್ದುಹೋಯಿತು. ಅದು ಅಲ್ಲಿ ಬದುಕಬಲ್ಲದು, ಅಷ್ಟೇ.

ನೆಂಟರು ಎಲ್ಲೆಲ್ಲಿ?

ನನಗೆ ಈ ಕತೆಯಲ್ಲಿ ಅತ್ಯಂತ ಇಷ್ಟವಾದ ಭಾಗ ಇದು. ನೆಪ್ಚೂನಿಯಾ ಮತ್ತು ಸಲ್ಫಿಡೇರಿಸ್ ಆಳಸಮುದ್ರದ ಬಿಸಿನೀರ ಬುಗ್ಗೆಗಳ ಪರಿಸರದಿಂದ ಬಂದವು. ಸರಿ, ಕಡಲ ಜೀವಿಗೆ ಕಡಲ ನೆಂಟರು. ಆದರೆ ವೇರಿಯಬಿಲಿಸ್ ಸಿಕ್ಕಿದ್ದು ಅಮೆರಿಕದ ಯೂಟಾ ರಾಜ್ಯದ ಗ್ರೇಟ್ ಸಾಲ್ಟ್ ಲೇಕ್‌ನಲ್ಲಿ. ಅದು ನೆಲದ ನಡುವಿನ ಉಪ್ಪಿನ ಸರೋವರ. ಬೊಲಿವಿಯೆನ್ಸಿಸ್ ಸಿಕ್ಕಿದ್ದು ಬೊಲಿವಿಯಾದ ಲಗೂನಾ ಕೊಲೊರಾಡಾ ಎಂಬ ಕೆಂಪು ಸರೋವರದ ಸುತ್ತಲಿನ ಮಣ್ಣಿನಲ್ಲಿ, ಸಮುದ್ರಮಟ್ಟದಿಂದ ಸುಮಾರು 4,300 ಮೀಟರ್ ಎತ್ತರದಲ್ಲಿ. ಒಬ್ಬರು ಸಾಗರದ ತಳದಲ್ಲಿ, ಇನ್ನೊಬ್ಬರು ಆಂಡೀಸ್ ಪರ್ವತದ ಮೇಲೆ. ನಡುವೆ ಎಂಟು ಕಿಲೋಮೀಟರ್ ಎತ್ತರದ ಅಂತರ. ಇಬ್ಬರಿಗೂ ಸಮಾನವಾದದ್ದು ಉಪ್ಪು.

ಹ್ಯಾಲೊಮೊನಾಸ್ ಎಂಬ ಹೆಸರಿನಲ್ಲೇ ಉಪ್ಪಿದೆ. ‘ಹ್ಯಾಲೊ’ ಎಂದರೆ ಗ್ರೀಕ್‌ನಲ್ಲಿ ಉಪ್ಪು. ಕುಲದ ಮೊದಲ ಸದಸ್ಯ ಹ್ಯಾಲೊಮೊನಾಸ್ ಇಲಾಂಗೇಟಾ. 1980ರಲ್ಲಿ ರಸೆಲ್ ವ್ರೀಲ್ಯಾಂಡ್ ಮತ್ತು ಸಹೋದ್ಯೋಗಿಗಳು ಇದನ್ನು ವಿವರಿಸಿದರು. ಸಿಕ್ಕಿದ್ದು ಕೆರಿಬಿಯನ್‌ನ ಬೊನೇರ್ ದ್ವೀಪದ ಉಪ್ಪಿನಾಗರದಲ್ಲಿ. ನಮ್ಮ ಗೋಕರ್ಣದ ಬಳಿಯ ಸಾಣಿಕಟ್ಟಾದಲ್ಲಿ ಇರುವಂತೆಯೇ ಸಮುದ್ರದ ನೀರನ್ನು ಪಾತಿಗಳಲ್ಲಿ ಬಿಸಿಲಿಗೆ ಒಣಗಿಸುವ ಜಾಗ.

ಉಪ್ಪು ಹಾಕಿದ ಉಪ್ಪಿನಕಾಯಿ ಕೆಡುವುದಿಲ್ಲ ಏಕೆ? ಉಪ್ಪು ಸೂಕ್ಷ್ಮಜೀವಿಗಳ ಮೈಯೊಳಗಿನ ನೀರನ್ನು ಹೊರಗೆಳೆದುಬಿಡುತ್ತದೆ. ಈ ಕುಲದವರು ಅದಕ್ಕೊಂದು ಉಪಾಯ ಕಂಡುಕೊಂಡಿದ್ದಾರೆ: ಎಕ್ಟೋಯಿನ್ ಎಂಬ ಸಣ್ಣ ಅಣುವನ್ನು ಜೀವಕೋಶದೊಳಗೆ ತುಂಬಿಸಿಕೊಂಡು ನೀರು ಹೊರಹೋಗದಂತೆ ನೋಡಿಕೊಳ್ಳುತ್ತಾರೆ. ಇಲಾಂಗೇಟಾವನ್ನು ಬೆಳೆಸಿ ಎಕ್ಟೋಯಿನ್ ಪಡೆಯುವುದು ಇಂದು ಒಂದು ಉದ್ಯಮ. ಚರ್ಮದ ಕ್ರೀಂ ಮತ್ತು ಮೂಗಿನ ಸ್ಪ್ರೇಗಳಲ್ಲಿ ಅದನ್ನು ಬಳಸುತ್ತಾರೆ. ಮುಖಕ್ಕೆ ಹಚ್ಚುವ ಸೀರಂ ಬಾಟಲಿಯ ಹಿಂದೆ ‘ಎಕ್ಟೋಯಿನ್’ ಎಂದಿದ್ದರೆ, ಟೈಟಾನಿಕ್ ಬ್ಯಾಕ್ಟೀರಿಯಾದ ದೂರದ ಸೋದರಸಂಬಂಧಿಯ ಕಸುಬು ನಿಮ್ಮ ಮುಖದ ಮೇಲಿರಬಹುದು. ಬೊಲಿವಿಯೆನ್ಸಿಸ್ ಇನ್ನೊಂದು ಕಸುಬಿನದು: ಕೊಳೆಯಬಲ್ಲ ಪ್ಲಾಸ್ಟಿಕ್‌ಗೆ ಬೇಕಾದ ಪಿಎಚ್‌ಬಿ ಎಂಬ ಪದಾರ್ಥವನ್ನು ಮೈಯಲ್ಲಿ ಕೂಡಿಡುತ್ತದೆ.

ಎಲ್ಲರೂ ಸಾಧುಗಳೇ ಎಂದರೆ ಅಲ್ಲ. ಅಮೆರಿಕದ ಡಯಾಲಿಸಿಸ್ ಕೇಂದ್ರವೊಂದರಲ್ಲಿ ರೋಗಿಗಳಿಂದ ಮತ್ತು ಅಲ್ಲಿನ ಪರಿಸರದಿಂದ ಸಿಕ್ಕ ಮೂರು ಹೊಸ ಹ್ಯಾಲೊಮೊನಾಸ್ ಜಾತಿಗಳನ್ನು 2009ರಲ್ಲಿ ವಿವರಿಸಲಾಗಿದೆ. ಡಯಾಲಿಸಿಸ್ ದ್ರಾವಣವೂ ಲವಣಗಳಿಂದ ಕೂಡಿದ್ದೇ ಎಂಬುದನ್ನು ನೆನೆದರೆ ಇದು ತೀರಾ ಅನಿರೀಕ್ಷಿತವಲ್ಲ. ವರ್ಗೀಕರಣ ಬರೀ ಪಂಡಿತರ ಹವ್ಯಾಸವಲ್ಲ ಎಂಬುದಕ್ಕೂ ಇದೇ ಉತ್ತರ. ರೋಗಿಯ ರಕ್ತದಲ್ಲಿ ಸಿಕ್ಕಿದ್ದು ನಿರುಪದ್ರವಿ ಉಪ್ಪುನೀರಿನ ಜಾತಿಯೋ, ಹತ್ತಿರದ ಇನ್ನೊಂದೋ ಎಂದು ಬಿಡಿಸಿ ಹೇಳಲು ಆಗಬೇಕು. ಆಗಲೇ ಅದು ಎಲ್ಲಿಂದ ಬಂತು ಎಂದು ಹುಡುಕಿ, ಮೂಲವನ್ನು ಸ್ವಚ್ಛ ಮಾಡಬಹುದು.

ಮೀನು ತಿನ್ನಬಹುದೇ?

ಧಾರಾಳವಾಗಿ. ಟೈಟಾನಿಕೇ ಮನುಷ್ಯರಿಗೆ ಕಾಯಿಲೆ ತರುವ ಬ್ಯಾಕ್ಟೀರಿಯಾಗಳ ಸಾಲಿನಲ್ಲಿಲ್ಲ. ಗೊಂದಲ ಹುಟ್ಟುವುದು ಬಹುಶಃ ವಿಬ್ರಿಯೊ ಎಂಬ ಇನ್ನೊಂದು ಕುಲದಿಂದ. ಬೆಚ್ಚಗಿನ ಕಡಲ ನೀರಿನಲ್ಲಿರುವ ವಿಬ್ರಿಯೊ ವಲ್ನಿಫಿಕಸ್ ಗಾಯದ ಮೂಲಕ ಅಥವಾ ಹಸಿ ಸಿಂಪಿ ತಿಂದಾಗ ಮೈಸೇರಿ ಪ್ರಾಣಕ್ಕೇ ಅಪಾಯ ತರಬಲ್ಲದು, ಅದರಲ್ಲೂ ಯಕೃತ್ತಿನ ಕಾಯಿಲೆ ಇರುವವರಿಗೆ. ‘ಮಾಂಸ ತಿನ್ನುವ ಬ್ಯಾಕ್ಟೀರಿಯಾ’ ಎಂಬ ಸುದ್ದಿಗಳಲ್ಲಿ ಬರುವುದು ಅದು. ಕಾಲರಾ ತರುವುದೂ ಇದೇ ಕುಲದ ಇನ್ನೊಂದು ಜಾತಿ. ವಿಬ್ರಿಯೊ ಮತ್ತು ಹ್ಯಾಲೊಮೊನಾಸ್ ಎರಡೂ ಗಾಮಾಪ್ರೋಟಿಯೊಬ್ಯಾಕ್ಟೀರಿಯಾ ಎಂಬ ದೊಡ್ಡ ವರ್ಗಕ್ಕೆ ಸೇರಿದವು. ಆದರೆ ಅಷ್ಟು ಮೇಲಿನ ಹಂತದ ನೆಂಟಸ್ತಿಕೆಗೆ ಬೆಲೆ ಎಷ್ಟು? ಹಸು ಮತ್ತು ಹುಲಿ ಎರಡೂ ಸ್ತನಿಗಳೇ. ಮೀನನ್ನು ಚೆನ್ನಾಗಿ ಬೇಯಿಸಿ ತಿನ್ನಿ, ಕೈಯಲ್ಲಿ ಗಾಯವಿದ್ದರೆ ಹಸಿ ಮೀನು, ಸಿಗಡಿ ಶುಚಿ ಮಾಡುವಾಗ ಕೈಗವಸು ಹಾಕಿ. ಈ ಎಚ್ಚರ ವಿಬ್ರಿಯೊ ಕಾರಣಕ್ಕೆ, ಟೈಟಾನಿಕ್ ಕಾರಣಕ್ಕಲ್ಲ.

ಹಡಗನ್ನು ತಿನ್ನುತ್ತಿರುವುದು ಯಾರು?

ಟೈಟಾನಿಕೇ ಒಂದು ಪರಪೋಷಕ ಜೀವಿ. ಅಂದರೆ ನಮ್ಮಂತೆಯೇ ಬೇರೆ ಜೀವಿಗಳಿಂದ ಬಂದ ಇಂಗಾಲದ ಆಹಾರ ಬೇಕು. ಕಬ್ಬಿಣ ಅದರ ಅನ್ನವಲ್ಲ. ಆದರೆ ಅದು ಉಕ್ಕಿನ ಮೇಲ್ಮೈಗೆ ಅಂಟಿಕೊಳ್ಳುತ್ತದೆ, ಅಲ್ಲಿ ತುಕ್ಕಿನ ಗಂಟುಗಳು ಬೆಳೆಯುವಲ್ಲಿ ಪಾಲ್ಗೊಳ್ಳುತ್ತದೆ ಎಂದು ಅದನ್ನು ವಿವರಿಸಿದವರು ಹೇಳಿದ್ದಾರೆ. ಬಿಳಲಿನೊಳಗೆ ಬೇರೆ ಬ್ಯಾಕ್ಟೀರಿಯಾಗಳಿವೆ, ಶಿಲೀಂಧ್ರಗಳಿವೆ. ಇವುಗಳಲ್ಲಿ ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಯಲು ಒಪ್ಪಿದ್ದಕ್ಕೆ ಮಾತ್ರ ಹೆಸರು, ಫೋಟೊ, ಸುದ್ದಿ ಸಿಗುತ್ತದೆ. ಟೈಟಾನಿಕೇ ಹೆಸರಾದದ್ದರಲ್ಲಿ ಆ ಅದೃಷ್ಟವೂ ಸೇರಿದೆ.

ಜೊತೆಗೆ ಉಪ್ಪುನೀರಿನಲ್ಲಿ ಉಕ್ಕು ತನ್ನಷ್ಟಕ್ಕೇ ತುಕ್ಕು ಹಿಡಿಯುತ್ತದೆ. ಅದಕ್ಕೆ ಆಳದ ಪ್ರವಾಹಗಳ ಸವೆತವೂ ಸೇರುತ್ತದೆ. ಹಡಗು ಇನ್ನು 15-20 ವರ್ಷಗಳಲ್ಲಿ ಬರೀ ತುಕ್ಕಿನ ಕಲೆಯಾಗಬಹುದು ಎಂಬ ಅಂದಾಜನ್ನು ಮಾನ್ ಅವರು ಆಗ ಹೇಳಿದ್ದರು. ‘2030ಕ್ಕೆ ಟೈಟಾನಿಕ್ ಮಾಯ’ ಎಂಬ ಫಾರ್ವರ್ಡ್‌ನ ಬೇರು ಅದೇ. ಅಂದಾಜು ಯಾವಾಗ ‘ವಿಜ್ಞಾನಿಗಳು ದೃಢಪಡಿಸಿದ ದಿನಾಂಕ’ವಾಗಿ ಬದಲಾಯಿತೋ! ಹಡಗು ಕುಸಿಯುತ್ತಿರುವುದಂತೂ ನಿಜ. 2024ರ ಬೇಸಿಗೆಯ ಯಾನದಲ್ಲಿ ಮುಂಭಾಗದ ಪ್ರಸಿದ್ಧ ಕಟಕಟೆಯ ಸುಮಾರು ನಾಲ್ಕೂವರೆ ಮೀಟರ್ ಉದ್ದದ ತುಂಡು ಕಳಚಿ ಬಿದ್ದಿರುವುದು ಕಂಡಿತು.

ಅದೇ 2010ರ ಡಿಸೆಂಬರ್‌ನಲ್ಲಿ ಈ ಕುಲದ ಇನ್ನೊಂದು ಸದಸ್ಯ ಇದಕ್ಕಿಂತ ದೊಡ್ಡ ಗದ್ದಲ ಎಬ್ಬಿಸಿತ್ತು. ಕ್ಯಾಲಿಫೋರ್ನಿಯಾದ ಮೋನೊ ಸರೋವರದಿಂದ ತಂದ ‘ಜಿಎಫ್‌ಎಜೆ-1’ ರಂಜಕದ ಬದಲು ವಿಷಕಾರಿ ಆರ್ಸೆನಿಕ್ ಬಳಸಿ ಡಿಎನ್‌ಎ ಕಟ್ಟುತ್ತದೆ ಎಂದು ನಾಸಾ ಪತ್ರಿಕಾಗೋಷ್ಠಿಯಲ್ಲಿ ಸಾರಲಾಯಿತು. ಅನ್ಯಗ್ರಹ ಜೀವಿಗಳ ಫಾರ್ವರ್ಡ್‌ಗಳಿಗೆ ಅದು ಹಬ್ಬ. 2012ರಲ್ಲಿ ಬೇರೆ ತಂಡಗಳು ಪರೀಕ್ಷಿಸಿದಾಗ ಅದು ಆರ್ಸೆನಿಕ್ ಸಹಿಸಿಕೊಳ್ಳುವ ಸಾಮಾನ್ಯ ಬ್ಯಾಕ್ಟೀರಿಯಾ, ಬದುಕಲು ರಂಜಕ ಬೇಕೇ ಬೇಕು ಎಂದು ಗೊತ್ತಾಯಿತು. ‘ಸೈನ್ಸ್’ ಪತ್ರಿಕೆ ಆ ಪ್ರಬಂಧವನ್ನು 2025ರಲ್ಲಿ ಹಿಂತೆಗೆದುಕೊಂಡಿದೆ.

ಹೆಸರು ಬದಲಾದದ್ದು ಏಕೆ?

ಬ್ಯಾಕ್ಟೀರಿಯಾಕ್ಕೆ ಹೊಸ ಹೆಸರು ಕೊಡಲು ಅಂತಾರಾಷ್ಟ್ರೀಯ ನಿಯಮಾವಳಿ ಇದೆ. ವಿವರಣೆ ಪ್ರಕಟವಾಗಬೇಕು, ಜೊತೆಗೆ ಜೀವಂತ ಮಾದರಿಯನ್ನು ಕನಿಷ್ಠ ಎರಡು ಬೇರೆ ಬೇರೆ ದೇಶಗಳ ಸಂಗ್ರಹಾಲಯಗಳಲ್ಲಿ ಠೇವಣಿ ಇಡಬೇಕು. ಬಿಎಚ್1 ಅಮೆರಿಕ, ಸ್ಪೇನ್, ಜಪಾನ್ ಮತ್ತು ಬೆಲ್ಜಿಯಂನ ಸಂಗ್ರಹಾಲಯಗಳಲ್ಲಿದೆ. ಇದಕ್ಕೆ ‘ಟೈಪ್ ಸ್ಟ್ರೇನ್’ ಎನ್ನುತ್ತಾರೆ, ತೂಕದ ಅಂಗಡಿಯ ಅಳತೆಕಲ್ಲಿನಂತೆ. ಮುಂದೆ ಯಾರಿಗೇ ಸಂಶಯ ಬಂದರೂ ಆ ಕಲ್ಲಿನ ಜೊತೆ ತೂಗಿ ನೋಡಬಹುದು. ಭಾರತದಲ್ಲೂ ಇಂಥ ಸಂಗ್ರಹಾಲಯಗಳಿವೆ, ಚಂಡೀಗಢ ಮತ್ತು ಪುಣೆಯಲ್ಲಿ.

ಹೆಸರಿನ ಮೊದಲ ಭಾಗ ಕುಲದ್ದು, ಎರಡನೆಯದು ಜಾತಿಯದು. ಊರಿನ ಅಥವಾ ಮನೆತನದ ಹೆಸರನ್ನು ಮುಂದಿಟ್ಟು ನಮ್ಮ ಹೆಸರನ್ನು ಹಿಂದಿಡುವ ನಮ್ಮ ಪದ್ಧತಿಯಂತೆಯೇ. ಹ್ಯಾಲೊಮೊನಾಸ್ ಮನೆತನ ಕಾಲಕ್ರಮೇಣ ನೂರಕ್ಕೂ ಹೆಚ್ಚು ಜಾತಿಗಳ ಕೂಡುಕುಟುಂಬವಾಯಿತು. ಒಳಗೆ ಹಲವು ಬೇರೆ ಬೇರೆ ಬಣಗಳಿವೆ ಎಂದು ತಜ್ಞರಿಗೆ ಮೊದಲಿನಿಂದ ಅನುಮಾನ. ಈಗ ಒಂದು ಪುಟವಲ್ಲ, ಇಡೀ ಜೀನೋಮ್ ಎಂಬ ಪುಸ್ತಕವನ್ನೇ ಅಗ್ಗದಲ್ಲಿ ಓದಬಹುದು. ಎರಡು ಜೀನೋಮ್‌ಗಳ ಸಮಾನ ಭಾಗಗಳ ಸರಾಸರಿ ಹೋಲಿಕೆ ಶೇ. 95-96ಕ್ಕಿಂತ ಕಡಿಮೆ ಇದ್ದರೆ ಬೇರೆ ಜಾತಿ ಎಂಬುದು ಇಂದಿನ ಗೆರೆ. ಹಾಗೆ ಓದಿ 2023ರಲ್ಲಿ ಪ್ರಕಟಿಸಿದ ದೊಡ್ಡ ಅಧ್ಯಯನವೊಂದು ಕೂಡುಕುಟುಂಬವನ್ನು ಪಾಲು ಮಾಡಿತು. ಇಲಾಂಗೇಟಾ ಹಳೆಯ ಮನೆಯಲ್ಲೇ ಹ್ಯಾಲೊಮೊನಾಸ್ ಆಗಿ ಉಳಿಯಿತು. ಟೈಟಾನಿಕೇ ಮತ್ತು ಅದರ ಹತ್ತಿರದ ನೆಂಟರು ವ್ರೀಲ್ಯಾಂಡೆಲ್ಲಾ ಎಂಬ ಹೊಸ ಕುಲಕ್ಕೆ ಹೋದರು. ಇಲಾಂಗೇಟಾವನ್ನು ವಿವರಿಸಿದ ಅದೇ ರಸೆಲ್ ವ್ರೀಲ್ಯಾಂಡ್ ಅವರ ಗೌರವಾರ್ಥ ಇಟ್ಟ ಹೆಸರು. ಅಧ್ಯಯನ ಮಾಡಿದವರಲ್ಲಿ 2010ರ ಪ್ರಬಂಧದ ಸಾಂಚೆಸ್ ಪೊರ್ರೊ ಮತ್ತು ವೆಂಟೋಸಾ ಕೂಡ ಇದ್ದರು. ತಾವೇ ಇಟ್ಟ ಹೆಸರನ್ನು ತಾವೇ ತಿದ್ದಿದರು.

ಹಾಗಾಗಿ ‘ವ್ರೀಲ್ಯಾಂಡೆಲ್ಲಾ ಟೈಟಾನಿಕೇ: ಹಡಗು ತಿನ್ನುವ ಎರಡನೇ ಬ್ಯಾಕ್ಟೀರಿಯಾ ಪತ್ತೆ’ ಎಂಬ ಫಾರ್ವರ್ಡ್ ನಾಳೆ ಬಂದರೆ ಗಾಬರಿ ಬೇಡ. ಜೀವಿ ಅದೇ, ಮನೆತನದ ಹೆಸರು ಬೇರೆ. ಜರ್ಮನಿಯ ಡಿಎಸ್‌ಎಂಜೆಡ್ ಸಂಸ್ಥೆ ನಡೆಸುವ ಎಲ್‌ಪಿಎಸ್‌ಎನ್ ಎಂಬ ಉಚಿತ ಜಾಲತಾಣದಲ್ಲಿ ಬ್ಯಾಕ್ಟೀರಿಯಾದ ಹೆಸರು ಹಾಕಿ ನೋಡಿದರೆ ಹಳೆಯ ಹೆಸರು, ಹೊಸ ಹೆಸರು, ಟೈಪ್ ಸ್ಟ್ರೇನ್ ಎಲ್ಲವೂ ಒಂದೇ ಪುಟದಲ್ಲಿ ಸಿಗುತ್ತವೆ. ಮೊಬೈಲಿನಲ್ಲೂ ತೆರೆಯುತ್ತದೆ. ಟೈಟಾನಿಕೇ ಪುಟದಲ್ಲಿ ಎರಡೂ ಹೆಸರುಗಳಿಗೆ ಕೊಟ್ಟಿರುವ ಟೈಪ್ ಸ್ಟ್ರೇನ್ ಒಂದೇ: 1991ರಲ್ಲಿ ಮೇಲೆ ಬಂದ ಬಿಳಲಿನ ಬಿಎಚ್1.